ಬಿಡುವಿನಲ್ಲಿರುವ ಗ್ರಾಫಿಕ್ಸ್ ಕಾರ್ಡಿನ ವಿದ್ಯುತ್ ವೆಚ್ಚ: ಪರೀಕ್ಷಿಸುವ ಬಗೆ

ರೇಷ್ಮೆ ನೇಯ್ಗೆಗೆ ಹೆಸರಾದ ಕೊಳ್ಳೇಗಾಲದಲ್ಲಿ ಸೀರೆಯ ವಿನ್ಯಾಸ ರಚಿಸುವ ಘಟಕವಾಗಲಿ, ಹನೂರು, ಯಳಂದೂರಿನ ಸ್ಟುಡಿಯೋ ಅಥವಾ ಲಗ್ನಪತ್ರಿಕೆಯ ಮುದ್ರಣಾಲಯವಾಗಲಿ, ಗ್ರಾಫಿಕ್ಸ್ ಕಾರ್ಡುಳ್ಳ ಕಂಪ್ಯೂಟರನ್ನು ದಿನವಿಡೀ ಚಾಲನೆಯಲ್ಲಿಡುವುದುಂಟು. ಕೆಲಸವಿಲ್ಲದಾಗ ಕಾರ್ಡು ತಾನಾಗಿಯೇ ವೇಗವನ್ನು ಇಳಿಸಿ ಮಿತವ್ಯಯದ ಸ್ಥಿತಿಗೆ ಹೋಗಬೇಕು. ಎನ್‌ವಿಡಿಯಾ ಕಾರ್ಡುಗಳಲ್ಲಿ 'ಪಿ0' ಎಂಬುದು ಗರಿಷ್ಠ ಸಾಮರ್ಥ್ಯದ ಸ್ಥಿತಿ. ಬಿಡುವಿನಲ್ಲಿ ಸಾಮಾನ್ಯವಾಗಿ 'ಪಿ8' ಕಂಡುಬರುತ್ತದೆ. ಆದರೆ ಸಿಸಿಟಿವಿ ದೃಶ್ಯ, ತೆರೆದಿಟ್ಟ ಬ್ರೌಸರ್ ಮುಂತಾದ ಹಿನ್ನೆಲೆಯ ಅಲ್ಪ ಕೆಲಸವೂ ಕಾರ್ಡನ್ನು ಮೇಲಿನ ಸ್ಥಿತಿಯಲ್ಲಿಯೇ ಹಿಡಿದಿಡಬಹುದು.

ಪರೀಕ್ಷೆ ಸರಳವಾದುದು. ಪ್ಲಗ್ಗಿಗೂ ಕಂಪ್ಯೂಟರಿಗೂ ನಡುವೆ ವ್ಯಾಟ್ ಮೀಟರ್ ಜೋಡಿಸಿ, ಎಲ್ಲ ತಂತ್ರಾಂಶಗಳನ್ನು ಮುಚ್ಚಿ, 15 ನಿಮಿಷಗಳ ಬಳಿಕ ಅಂಕಿಯನ್ನು ಬರೆದುಕೊಳ್ಳಬೇಕು. ಅನಂತರ ಹಿನ್ನೆಲೆಯ ಕೆಲಸಗಳನ್ನು ಒಂದೊಂದಾಗಿ ಆರಂಭಿಸಿ, ಪ್ರತಿ ಬಾರಿಯೂ ಅಂಕಿಯನ್ನು ದಾಖಲಿಸಬೇಕು. ಕಾರ್ಡು ಯಾವ ಸ್ಥಿತಿಯಲ್ಲಿದೆ ಎಂಬುದನ್ನು 'ಎನ್‌ವಿಡಿಯಾ-ಎಸ್‌ಎಂಐ' ತಂತ್ರಾಂಶ ತೋರಿಸುತ್ತದೆ.

ವ್ಯತ್ಯಾಸವು 30 ವ್ಯಾಟ್ ಎಂದಿಟ್ಟುಕೊಂಡರೆ, ದಿನಕ್ಕೆ 10 ಗಂಟೆಯಂತೆ ವರ್ಷದ 300 ದಿನಗಳಿಗೆ ಒಂದು ಯಂತ್ರದಿಂದಲೇ 90 ಯೂನಿಟ್ ವ್ಯರ್ಥವಾಗುತ್ತದೆ. ಇದನ್ನು ಬಿಲ್ಲಿನಲ್ಲಿರುವ ದರದಿಂದ ಗುಣಿಸಿದರೆ ನಷ್ಟದ ಮೊತ್ತ ದೊರೆಯುತ್ತದೆ. ವಿದ್ಯುತ್ ಕಡಿತವಾದಾಗ ಇದೇ ಹೊರೆಯು ಯುಪಿಎಸ್ ಬ್ಯಾಟರಿಯ ಅವಧಿಯನ್ನೂ ಕುಗ್ಗಿಸುತ್ತದೆ.

ಪರಿಹಾರಕ್ಕೆ ಹಣ ಬೇಕಾಗಿಲ್ಲ. ಕಾರ್ಡಿನ ಡ್ರೈವರ್ ತಂತ್ರಾಂಶದಲ್ಲಿ ವಿದ್ಯುತ್ ನಿರ್ವಹಣೆಯನ್ನು ಗರಿಷ್ಠ ಸಾಮರ್ಥ್ಯಕ್ಕೆ ನಿಗದಿಪಡಿಸಿದ್ದರೆ ಸಾಮಾನ್ಯ ಕ್ರಮಕ್ಕೆ ಬದಲಿಸಬೇಕು. ಎರಡು ಮಾನಿಟರುಗಳ ರಿಫ್ರೆಶ್ ದರ ಭಿನ್ನವಾಗಿದ್ದರೂ ಕಾರ್ಡಿನ ಮೆಮೊರಿಯ ವೇಗ ಇಳಿಯದಿರಬಹುದು, ಅವನ್ನು ಸಮಗೊಳಿಸಬೇಕು. ಸಿಸಿಟಿವಿ ವೀಕ್ಷಣೆಯನ್ನು ಬೇರೊಂದು ಸಣ್ಣ ಯಂತ್ರಕ್ಕೆ ವರ್ಗಾಯಿಸುವ ಯೋಚನೆಯಿದ್ದಲ್ಲಿ, ಆ ಯಂತ್ರದ ಬಳಕೆಯನ್ನೂ ಅಳೆದ ನಂತರವೇ ತೀರ್ಮಾನಿಸುವುದು ಲೇಸು.