ಮೂವರು ಮಿಕಿಯರ ತಂಡ

ನಮ್ಮ ಯಲಿಯೂರಿನ ಹಬ್ಬಕ್ಕೆ ತಮಟೆ ಬಾರಿಸ್ತೀನಿ ಅಂದಳು ಮೊಮ್ಮಗಳು. "ಹೆಣ್ಣುಮಕ್ಕಳು ಬಾರಿಸೋದುಂಟಾ?" ಅಂದುಬಿಟ್ಟೆ. ಅವಳು ಮೊಬೈಲಿನಲ್ಲಿ ಹಾಡು ಹಾಕಿದಳು. ಗುಡುಗಿನಂಥ ಡ್ರಮ್ಮು, ಅಬ್ಬರದ ಗಿಟಾರು!

"ಐದೂ ಜನ ಹೆಂಗಸರೇ ಕಣಜ್ಜಿ!"

ಅದು ಜಪಾನಿನ ಶೋಯಾ ತಂಡ. ಹುಟ್ಟಿದ್ದು 1981ರಲ್ಲಿ. ಹಾಡುವವರು ಕೇಯ್ಕೊ ತೆರಾದಾ. ಉಳಿದ ನಾಲ್ವರಲ್ಲಿ ಮೂವರ ಹೆಸರೂ ಮಿಕಿ! ನಮ್ಮಲ್ಲಿ ದೊಡ್ಡ ಲಕ್ಷ್ಮಿ, ಚಿಕ್ಕ ಲಕ್ಷ್ಮಿ ಇದ್ದ ಹಾಗೆ ಅಲ್ಲಿ ಒಬ್ಬರು 'ಕ್ಯಾಪ್ಟನ್', ಡ್ರಮ್ ಬಾರಿಸುವವರು 'ಮಿತ್ತನ್'. 1987ರಲ್ಲಿ ಟೋಕಿಯೋದ ಹಿಬಿಯಾ ಬಯಲು ರಂಗಮಂದಿರದಲ್ಲಿ ಹೆಣ್ಣುಮಕ್ಕಳದ್ದೇ ಸಂಗೀತೋತ್ಸವ ಶುರುಮಾಡಿದರು. 1991ರಲ್ಲಿ ತೆರಾದಾ ತಂಡ ಬಿಟ್ಟರು. 2005ರಲ್ಲಿ ಐವರೂ ಮತ್ತೆ ಕೂಡಿದರು.

ತೆರಾದಾ ಹುಟ್ಟಿದ್ದು 1963ರಲ್ಲಂತೆ. ನನಗಿಂತ ಒಂದೇ ವರ್ಷ ಚಿಕ್ಕವಳು!

ತಮಟೆ ಕಾಯಿಸೋಕೆ ಒಣಹುಲ್ಲು ನಾನೇ ತಂದುಕೊಟ್ಟೆ.