ನಲವತ್ತರ ನಂತರದ ಬದಲಾವಣೆ: ಋತುಬಂಧಪೂರ್ವ ಹಂತದ ಮೊದಲ ಸೂಚನೆಗಳು

ಸಿದ್ಧ ಉಡುಪು ಘಟಕದ ಚೆಕಿಂಗ್ ವಿಭಾಗದಲ್ಲಿ ಹದಿನೈದು ವರ್ಷ ದುಡಿದು, ಒಂದು ಹೊಲಿಗೆ ತಪ್ಪಿದರೂ ಗುರುತಿಸಬಲ್ಲ ಮಹಿಳೆ 44ರ ವಯಸ್ಸಿನಲ್ಲಿ ತಪ್ಪು ಮಾಡತೊಡಗುತ್ತಾರೆ. ಬೆಳಿಗ್ಗೆ ತಡವಾಗಿ ಬರುತ್ತಾರೆ, ಸಣ್ಣ ಮಾತಿಗೂ ಸಿಡುಕುತ್ತಾರೆ, ತಿಂಗಳಲ್ಲಿ ಎರಡು ಮೂರು ದಿನ ಕಾರಣ ಹೇಳದೆ ರಜೆ ಹಾಕುತ್ತಾರೆ. ಸೂಪರ್‌ವೈಸರ್ ಕಣ್ಣಿಗೆ ಇದು ಅಸಡ್ಡೆಯಾಗಿ ತೋರುತ್ತದೆ. ನಾಲ್ಕು ಜನರ ಎದುರು ಎರಡು ಬಾರಿ ಗದರಿಸಿದ ಮೇಲೆ ಆಕೆ ತಾವಾಗಿಯೇ ಕೆಲಸ ಬಿಡುತ್ತಾರೆ. ಘಟಕ ನುರಿತ ಕೈಯೊಂದನ್ನು ಕಳೆದುಕೊಳ್ಳುತ್ತದೆ. ಒಂದು ಮನೆ ಸಂಬಳವನ್ನು ಕಳೆದುಕೊಳ್ಳುತ್ತದೆ. ಆಗಿದ್ದೇನೆಂಬುದು ಮಾಲೀಕರಿಗೂ ತಿಳಿಯುವುದಿಲ್ಲ, ಆ ಮಹಿಳೆಗೂ ತಿಳಿದಿರುವುದಿಲ್ಲ.

ಇಂತಹ ಬದಲಾವಣೆಗಳ ಹಿಂದೆ ಋತುಬಂಧಪೂರ್ವ ಹಂತ ಇರಬಹುದು. ವೈದ್ಯರು ಇದನ್ನು ಪೆರಿಮೆನೋಪಾಸ್ ಎನ್ನುತ್ತಾರೆ. ಸಿದ್ಧ ಉಡುಪು, ಊದುಬತ್ತಿ, ಗೇರುಬೀಜ ಸಂಸ್ಕರಣೆಯಂತಹ ಉದ್ಯಮಗಳು ನಿಂತಿರುವುದೇ ಮಹಿಳೆಯರ ಶ್ರಮದ ಮೇಲೆ. ಅನೇಕ ಅಂಗಡಿಗಳ ಲೆಕ್ಕಪತ್ರಗಳನ್ನು ಮನೆಯ ಹೆಣ್ಣುಮಕ್ಕಳೇ ನೋಡಿಕೊಳ್ಳುತ್ತಾರೆ. ಆದುದರಿಂದ ಈ ಹಂತದ ಪರಿಚಯ ಉದ್ಯಮಿಗಳಿಗೂ ಅವಶ್ಯಕ.

ಏನಿದು ಈ ಹಂತ?

ಸತತವಾಗಿ 12 ತಿಂಗಳು ಮುಟ್ಟಾಗದಿದ್ದರೆ, ಅದಕ್ಕೆ ಬೇರೆ ಕಾರಣವಿಲ್ಲದಿದ್ದರೆ, ಅದನ್ನು ಋತುಬಂಧವೆಂದು ಪರಿಗಣಿಸಲಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಹೆಚ್ಚಿನ ಮಹಿಳೆಯರಲ್ಲಿ ಇದು 45ರಿಂದ 55ರ ವಯಸ್ಸಿನ ನಡುವೆ ಸಂಭವಿಸುತ್ತದೆ. ಭಾರತೀಯ ಮಹಿಳೆಯರಲ್ಲಿ ಇದರ ಸರಾಸರಿ ವಯಸ್ಸು ಸುಮಾರು 46ರಿಂದ 47. ಪಾಶ್ಚಾತ್ಯ ಮಹಿಳೆಯರಿಗೆ ಹೋಲಿಸಿದರೆ ನಾಲ್ಕೈದು ವರ್ಷ ಬೇಗ.

ಆದರೆ ಮುಟ್ಟು ಒಂದೇ ದಿನದಲ್ಲಿ ನಿಲ್ಲುವುದಿಲ್ಲ. ಅದಕ್ಕೂ ಹಲವು ವರ್ಷ ಮೊದಲೇ ಅಂಡಾಶಯಗಳ ಕಾರ್ಯ ಏರುಪೇರಾಗತೊಡಗುತ್ತದೆ. ಈಸ್ಟ್ರೋಜೆನ್ ಹಾರ್ಮೋನು ಕ್ರಮವಾಗಿ ಇಳಿಯದೆ ಒಂದು ತಿಂಗಳು ಏರಿ, ಮತ್ತೊಂದು ತಿಂಗಳು ಕುಸಿಯುತ್ತದೆ. ಅಂಡ ಬಿಡುಗಡೆಯಾಗದ ತಿಂಗಳಲ್ಲಿ ಪ್ರೊಜೆಸ್ಟರಾನ್ ಹಾರ್ಮೋನು ಸಾಕಷ್ಟು ಉತ್ಪತ್ತಿಯಾಗುವುದಿಲ್ಲ. ಈ ಏರಿಳಿತವೇ ಹೆಚ್ಚಿನ ತೊಂದರೆಗಳಿಗೆ ಮೂಲ. ಈ ಹಂತ ಸಾಮಾನ್ಯವಾಗಿ ನಾಲ್ಕು ವರ್ಷಗಳಷ್ಟು ಇರುತ್ತದೆ. ಕೆಲವರಲ್ಲಿ ಎಂಟು ವರ್ಷಗಳವರೆಗೂ ಮುಂದುವರಿಯುವುದುಂಟು. ಅಂದರೆ ನಮ್ಮ ದೇಶದ ಅನೇಕ ಮಹಿಳೆಯರಲ್ಲಿ ಇದು ನಲವತ್ತರ ಆಸುಪಾಸಿನಲ್ಲೇ ಆರಂಭವಾಗುತ್ತದೆ. ‘ಇನ್ನೂ ಮುಟ್ಟಾಗುತ್ತಿದೆಯಲ್ಲ’ ಎಂಬ ಕಾರಣಕ್ಕೇ ಆ ವಯಸ್ಸಿನಲ್ಲಿ ಯಾರಿಗೂ ಇದರ ಸಂಶಯ ಬರುವುದಿಲ್ಲ.

ಮೊದಲ ಸೂಚನೆಗಳು

ಅತ್ಯಂತ ವಿಶ್ವಾಸಾರ್ಹವಾದ ಮೊದಲ ಸೂಚನೆ ದೊರೆಯುವುದು ಮುಟ್ಟಿನ ದಿನಾಂಕಗಳಲ್ಲಿ. 2001ರಲ್ಲಿ ತಜ್ಞರು ರೂಪಿಸಿ, 2011ರಲ್ಲಿ ಪರಿಷ್ಕರಿಸಿದ ಅಂತರರಾಷ್ಟ್ರೀಯ ಮಾನದಂಡದಂತೆ, ಒಂದರ ನಂತರ ಒಂದು ಬರುವ ಋತುಚಕ್ರಗಳ ಅವಧಿಯಲ್ಲಿ 7 ಅಥವಾ ಹೆಚ್ಚು ದಿನಗಳ ವ್ಯತ್ಯಾಸ ಕಂಡು, ಅದು ಮರುಕಳಿಸುತ್ತಿದ್ದರೆ ಆರಂಭದ ಹಂತವೆಂದು ತಿಳಿಯಬೇಕು. ಉದಾಹರಣೆಗೆ, 28 ದಿನಗಳಿಗೊಮ್ಮೆ ಬರುತ್ತಿದ್ದ ಮುಟ್ಟು ಒಮ್ಮೆ 36 ದಿನಕ್ಕೆ, ಮುಂದಿನ ಬಾರಿ 25 ದಿನಕ್ಕೆ ಬರುವುದು. 60 ದಿನ ಅಥವಾ ಅದಕ್ಕಿಂತ ಹೆಚ್ಚು ಕಾಲ ಮುಟ್ಟಾಗದಿದ್ದರೆ ಈ ಹಂತದ ಕೊನೆಯ ಭಾಗ ಬಂದಿದೆಯೆಂದು ಅರ್ಥ. ಸ್ರಾವದ ಪ್ರಮಾಣವೂ ಬದಲಾಗಬಹುದು. ಒಂದು ತಿಂಗಳು ಅತ್ಯಲ್ಪ, ಮರುತಿಂಗಳು ಹೆಪ್ಪುಗಟ್ಟಿದ ಅಧಿಕ ಸ್ರಾವ.

ಎರಡನೆಯದು ನಿದ್ರಾಭಂಗ. ಮಲಗಿದೊಡನೆ ನಿದ್ರೆ ಬಂದರೂ ರಾತ್ರಿ ಎರಡು ಮೂರು ಗಂಟೆಗೆ ಎಚ್ಚರವಾಗಿ ಮತ್ತೆ ನಿದ್ರೆ ಹತ್ತುವುದಿಲ್ಲ. ಕೆಲವರು ಬಟ್ಟೆ ತೊಯ್ಯುವಷ್ಟು ಬೆವರುತ್ತಾರೆ. ಹಗಲಿನ ತಪ್ಪುಗಳಿಗೂ ತಡವಾಗಿ ಬರುವುದಕ್ಕೂ ಬಹಳ ಸಲ ಈ ನಿದ್ರೆಗೆಟ್ಟ ರಾತ್ರಿಗಳೇ ಕಾರಣ.

ಮೂರನೆಯದು ಮೈ ಬಿಸಿಯೇರುವುದು. ಎದೆಯಿಂದ ಕುತ್ತಿಗೆ, ಮುಖದವರೆಗೆ ಇದ್ದಕ್ಕಿದ್ದಂತೆ ಝಳ ಹತ್ತಿ, ಬೆವರು ಒಡೆದು, ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ. ಇಸ್ತ್ರಿ ವಿಭಾಗದಲ್ಲಾಗಲಿ, ಗೇರುಬೀಜ ಹುರಿಯುವ ಕಡೆಯಲ್ಲಾಗಲಿ ಇದ್ದವರು ಸೆಕೆಯೆಂದೇ ಭಾವಿಸಿ ಸುಮ್ಮನಾಗುತ್ತಾರೆ.

ನಾಲ್ಕನೆಯದು ಮನಸ್ಸಿಗೆ ಸಂಬಂಧಿಸಿದ್ದು. ಕಾರಣವಿಲ್ಲದ ಸಿಡುಕು, ಆತಂಕ, ಅಳು, ಬಾಯಿಗೆ ಬಂದ ಹೆಸರು ಮರೆತುಹೋಗುವುದು, ಕೂಡಿದ ಲೆಕ್ಕವನ್ನೇ ಮತ್ತೆ ಮತ್ತೆ ಕೂಡುವುದು ಕಂಡುಬರುತ್ತವೆ. ಅನೇಕರು ತಮಗೆ ಮರೆವಿನ ಕಾಯಿಲೆ ಬಂತೆಂದು ಹೆದರುತ್ತಾರೆ. ಈ ಮಂಕು ಹೆಚ್ಚಿನವರಲ್ಲಿ ಕಾಲಕ್ರಮೇಣ ತಿಳಿಯಾಗುತ್ತದೆ. ಇವುಗಳಲ್ಲದೆ ಕೀಲುನೋವು, ಎದೆ ಢವಗುಟ್ಟುವುದು, ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದು, ಜನನಾಂಗದಲ್ಲಿ ಶುಷ್ಕತೆ ಮುಂತಾದವು ಕಾಣಿಸಿಕೊಳ್ಳಬಹುದು. ಎಲ್ಲ ಲಕ್ಷಣಗಳೂ ಎಲ್ಲರಲ್ಲಿಯೂ ಇರುವುದಿಲ್ಲ.

ಎಲ್ಲವನ್ನೂ ವಯಸ್ಸಿನ ತಲೆಗೆ ಕಟ್ಟುವುದೂ ತಪ್ಪು

ಇದೇ ಲಕ್ಷಣಗಳು ಥೈರಾಯ್ಡ್ ದೋಷ, ರಕ್ತಹೀನತೆ, ಮಧುಮೇಹ, ಖಿನ್ನತೆಗಳಲ್ಲಿಯೂ ಕಂಡುಬರುತ್ತವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವಯೋಮಾನದ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿ ರಕ್ತಹೀನತೆಯುಳ್ಳವರೆಂದು ಕಂಡುಬಂದಿತು. ಮೊದಲೇ ರಕ್ತ ಕಡಿಮೆಯಿರುವ ಮಹಿಳೆಗೆ ಅಧಿಕ ಸ್ರಾವವೂ ಸೇರಿದರೆ ಆಯಾಸ, ಏದುಸಿರು, ತಲೆಸುತ್ತು ತೀವ್ರವಾಗುತ್ತವೆ. ಯಂತ್ರದ ಮುಂದೆ ನಿಂತು ಕೆಲಸ ಮಾಡುವವರಿಗೆ ಇದು ಅಪಾಯಕರ.

45 ದಾಟಿದವರಲ್ಲಿ ಲಕ್ಷಣಗಳು ಸ್ಪಷ್ಟವಾಗಿದ್ದರೆ ಹಾರ್ಮೋನು ಪರೀಕ್ಷೆಯ ಅಗತ್ಯವಿಲ್ಲವೆಂದು 2015ರಲ್ಲಿ ಪ್ರಕಟವಾದ ಬ್ರಿಟನ್ನಿನ ಮಾರ್ಗಸೂಚಿ ತಿಳಿಸುತ್ತದೆ. ಹಾರ್ಮೋನುಗಳ ಮಟ್ಟ ದಿನದಿಂದ ದಿನಕ್ಕೆ ಬದಲಾಗುವುದರಿಂದ ಒಂದು ದಿನದ ಫಲಿತಾಂಶ ಹೆಚ್ಚೇನನ್ನೂ ಹೇಳಲಾರದು. ದುಬಾರಿ ಪರೀಕ್ಷೆಗಳಿಗೆ ಬದಲಾಗಿ ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ, ರಕ್ತದೊತ್ತಡಗಳ ತಪಾಸಣೆ ಮೊದಲು ಆಗಬೇಕು. ಮುಟ್ಟು ಏರುಪೇರಾದರೂ ಗರ್ಭ ನಿಲ್ಲುವ ಸಾಧ್ಯತೆ ಇದ್ದೇ ಇರುತ್ತದೆ ಎಂಬುದನ್ನೂ ಮರೆಯಬಾರದು.

ಕೆಲವು ಸಂದರ್ಭಗಳಲ್ಲಿ ತಡಮಾಡದೆ ಸ್ತ್ರೀರೋಗ ತಜ್ಞರನ್ನು ಕಾಣಬೇಕು: ಸ್ರಾವ ಏಳು ದಿನ ಮೀರಿದಾಗ, ಗಂಟೆಗೊಂದು ಪ್ಯಾಡ್ ಬದಲಾಯಿಸಬೇಕಾದಾಗ, ಎರಡು ಮುಟ್ಟುಗಳ ನಡುವೆ ಅಥವಾ ಲೈಂಗಿಕ ಸಂಪರ್ಕದ ನಂತರ ರಕ್ತ ಕಂಡಾಗ, ಒಂದು ವರ್ಷ ನಿಂತ ಮುಟ್ಟು ಮತ್ತೆ ಕಾಣಿಸಿಕೊಂಡಾಗ, 40ರೊಳಗೇ ಮುಟ್ಟು ನಿಲ್ಲತೊಡಗಿದಾಗ.

ಚಿಕಿತ್ಸೆ ಮತ್ತು ಅವಸರದ ಶಸ್ತ್ರಚಿಕಿತ್ಸೆ

ಅಧಿಕ ಸ್ರಾವವೆಂದೊಡನೆ ಗರ್ಭಕೋಶ ತೆಗೆಸಿಬಿಡುವ ಪರಿಪಾಠ ಅನೇಕ ಕಡೆಗಳಲ್ಲಿದೆ. ಕುಟುಂಬಗಳು ಇದಕ್ಕಾಗಿ ಮಾಲೀಕರ ಬಳಿ ಮುಂಗಡ ಹಣ ಪಡೆದು, ವರ್ಷಗಟ್ಟಲೆ ಸಂಬಳದಲ್ಲಿ ಮುರಿಸಿಕೊಳ್ಳುತ್ತವೆ. ಅನಗತ್ಯ ಶಸ್ತ್ರಚಿಕಿತ್ಸೆಗಳನ್ನು ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಮಾರ್ಗಸೂಚಿಗಳನ್ನು ಹೊರಡಿಸಿತು. ಸ್ರಾವವನ್ನು ತಗ್ಗಿಸುವ ಮಾತ್ರೆಗಳಿವೆ. ಗರ್ಭಕೋಶದೊಳಗೆ ಅಳವಡಿಸುವ ಹಾರ್ಮೋನುಯುಕ್ತ ಸಾಧನವಿದೆ. ಹೀಗಾಗಿ ಒಪ್ಪಿಗೆ ನೀಡುವ ಮೊದಲು ಮತ್ತೊಬ್ಬ ತಜ್ಞರ ಅಭಿಪ್ರಾಯ ಪಡೆಯುವುದು ಸೂಕ್ತ. ಬಿಸಿ ಝಳ ಮತ್ತು ನಿದ್ರಾಭಂಗ ತೀವ್ರವಾಗಿದ್ದರೆ ಹಾರ್ಮೋನು ಚಿಕಿತ್ಸೆ ಪರಿಣಾಮಕಾರಿ. 2002ರ ಅಮೆರಿಕದ ಅಧ್ಯಯನವೊಂದರ ನಂತರ ಹರಡಿದ ಭೀತಿ ಮುಂದಿನ ವಿಶ್ಲೇಷಣೆಗಳಿಂದ ಬಹುಮಟ್ಟಿಗೆ ಕಡಿಮೆಯಾಗಿದೆ. ಆದರೂ ಸ್ತನ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟುವಿಕೆಯಂತಹ ಹಿನ್ನೆಲೆಯುಳ್ಳವರಿಗೆ ಇದು ಸಾಮಾನ್ಯವಾಗಿ ಹೊಂದುವುದಿಲ್ಲ. ನಿರ್ಧಾರ ವೈದ್ಯರ ಸಲಹೆಯಂತೆಯೇ ಆಗಬೇಕು.

ಉದ್ಯಮಿಗಳು ಮಾಡಬಹುದಾದದ್ದು

ಮಾಲೀಕರು ರೋಗ ನಿರ್ಣಯಕ್ಕೆ ಕೈಹಾಕಬಾರದು. ‘ನಿಮಗೆ ಮುಟ್ಟು ನಿಲ್ಲುತ್ತಿದೆಯೇ’ ಎಂದು ನೇರವಾಗಿ ಪ್ರಶ್ನಿಸುವುದು ಮುಜುಗರಕ್ಕೆ ದಾರಿ. ಬಹುಕಾಲ ಚೆನ್ನಾಗಿ ದುಡಿದವರ ಕೆಲಸದಲ್ಲಿ ಹಠಾತ್ ವ್ಯತ್ಯಾಸ ಕಂಡಾಗ ಮೆಮೊ ನೀಡುವ ಮುನ್ನ, ಹಿರಿಯ ಮಹಿಳಾ ಸಹೋದ್ಯೋಗಿಯೊಬ್ಬರ ಮೂಲಕ ಆರೋಗ್ಯ ವಿಚಾರಿಸುವುದು ಉತ್ತಮ. ಹೇಳಿದ ಮಾತು ಗುಟ್ಟಾಗಿ ಉಳಿಯಬೇಕು. ಸ್ವಚ್ಛ ಹಾಗೂ ನೀರಿನ ವ್ಯವಸ್ಥೆಯಿರುವ ಶೌಚಾಲಯ, ಕೇಳದೆಯೇ ಅಲ್ಲಿಗೆ ಹೋಗಿಬರುವ ಸ್ವಾತಂತ್ರ್ಯ, ಕುಡಿಯುವ ನೀರು, ಒಂದು ಫ್ಯಾನು, ಕೆಲಕಾಲ ಇಸ್ತ್ರಿ ವಿಭಾಗದಿಂದ ಬೇರೆಡೆಗೆ ಬದಲಾವಣೆ, ಇವು ಹೆಚ್ಚು ವೆಚ್ಚದ ಕ್ರಮಗಳಲ್ಲ. ಹೊಸಬರನ್ನು ತರಬೇತುಗೊಳಿಸುವ ಖರ್ಚಿನ ಮುಂದೆ ಇವು ಅಲ್ಪವೇ ಸರಿ.

10 ಅಥವಾ ಹೆಚ್ಚು ನೌಕರರಿರುವ, ಇ.ಎಸ್.ಐ. ವ್ಯಾಪ್ತಿಯ ಘಟಕಗಳಲ್ಲಿ ನಿಗದಿತ ವೇತನ ಮಿತಿಯೊಳಗಿನವರಿಗೆ ಔಷಧಾಲಯ ಹಾಗೂ ಆಸ್ಪತ್ರೆಯ ಸೌಲಭ್ಯವಿದೆ. ವಂತಿಗೆ ಕಡಿತವಾಗುತ್ತಿದ್ದರೂ ಅನೇಕ ಮಹಿಳೆಯರು ಈ ಸೌಲಭ್ಯವನ್ನು ಹೆರಿಗೆಗೆ ಮಾತ್ರವೆಂದು ತಿಳಿದಿರುತ್ತಾರೆ. ಅವರಿಗೆ ವಿವರಿಸಿ ಹೇಳಬೇಕು. ತಿಂಗಳಿಗೆ ಒಂದು ದಿನ ವೇತನ ಸಹಿತ ಋತುಚಕ್ರ ರಜೆ ನೀಡುವ ನೀತಿಗೆ ಕರ್ನಾಟಕದ ಸಚಿವ ಸಂಪುಟ 2025ರ ಅಕ್ಟೋಬರ್ 9ರಂದು ಅನುಮೋದನೆ ನೀಡಿತು. ನವೆಂಬರಿನಲ್ಲಿ ಹೊರಟ ಆದೇಶ 18ರಿಂದ 52 ವಯಸ್ಸಿನ ಮಹಿಳೆಯರನ್ನು ಒಳಗೊಂಡಿತು, ಅಂದರೆ ಋತುಬಂಧಪೂರ್ವ ಹಂತದವರನ್ನೂ. ಈ ಆದೇಶವನ್ನು ಉಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಲಾಗಿದ್ದರಿಂದ, ಸದ್ಯದ ಸ್ಥಿತಿಯನ್ನು ಸದಸ್ಯರು ಕಾರ್ಮಿಕ ಇಲಾಖೆಯಿಂದ ಖಚಿತಪಡಿಸಿಕೊಳ್ಳುವುದು ಒಳಿತು.

ಮಹಿಳೆಯರು ಇಂದೇ ಆರಂಭಿಸಬಹುದಾದ ಕೆಲಸ ಒಂದಿದೆ. ಗೋಡೆಯ ಕ್ಯಾಲೆಂಡರಿನಲ್ಲಿ ಮುಟ್ಟಿನ ಮೊದಲ ದಿನವನ್ನು ಗುರುತು ಹಾಕಿ, ಸ್ರಾವ ಎಷ್ಟು ದಿನ ಇತ್ತು, ಯಾವ ರಾತ್ರಿ ನಿದ್ರೆ ಕೆಟ್ಟಿತು ಎಂದು ಬರೆದಿಡುವುದು. ಆರು ತಿಂಗಳ ಇಂತಹ ದಾಖಲೆ ಕೈಯಲ್ಲಿದ್ದರೆ ವೈದ್ಯರ ಕೆಲಸ ಅರ್ಧ ಹಗುರವಾಗುತ್ತದೆ. ಪ್ರತಿವರ್ಷ ಅಕ್ಟೋಬರ್ 18ರಂದು ವಿಶ್ವ ಋತುಬಂಧ ದಿನ ಆಚರಿಸಲಾಗುತ್ತದೆ. ಅಂದು ಘಟಕದಲ್ಲಿ ಅರ್ಧ ಗಂಟೆ ಯಂತ್ರಗಳನ್ನು ನಿಲ್ಲಿಸಿ, ಮಹಿಳಾ ವೈದ್ಯರೊಬ್ಬರಿಂದ ಈ ವಿಷಯ ಮಾತನಾಡಿಸಿದರೆ, ಕಾರಣ ತಿಳಿಯದೆ ಕೆಲಸ ಬಿಡಲು ಯೋಚಿಸುತ್ತಿರುವ ಒಬ್ಬರಾದರೂ ಉಳಿಯಬಹುದು.