ಗಿಟಾರಿನ ಕಾಪೊ: ತಂತಿಯ ಮೇಲಿನ ಕಿರುಹುಬ್ಬು

ನಮ್ಮ ಶಾಲೆಯ ಸಂಗೀತದ ಕೊಠಡಿಯಲ್ಲಿ ಹಾರ್ಮೋನಿಯಂ, ತಬಲಾಗಳ ಪಕ್ಕದಲ್ಲಿ ಈಚೆಗೆ ಗಿಟಾರಿಗೂ ಸ್ಥಾನ ದೊರೆತಿದೆ. ಪ್ರಾರ್ಥನೆಗೂ ವಚನಗಾಯನಕ್ಕೂ ಮಕ್ಕಳು ಅದನ್ನು ಬಳಸುತ್ತಿರುವುದರಿಂದ, ಅದರ ಕತ್ತಿಗೆ ಕಚ್ಚಿಸುವ 'ಕಾಪೊ' ಎಂಬ ಸಣ್ಣ ಉಪಕರಣವನ್ನು ಕುರಿತು ನಾಲ್ಕು ಮಾತು ಬರೆಯುವುದು ಅಪ್ರಸ್ತುತವಾಗಲಾರದು. ಭಾಷಾಪಂಡಿತನಿಗೆ ಈ ಉಸಾಬರಿ ಏಕೆಂದು ಕೆಲವರು ಕೇಳಿಯಾರು. ಪದದ ಬೆನ್ನು ಹತ್ತಿದವನು ಪದಾರ್ಥವನ್ನು ಬಿಡುವುದೆಂತು?

ಇಟಲಿಯ ಭಾಷೆಯಲ್ಲಿ 'ಕಾಪೊ' ಎಂದರೆ ತಲೆ, 'ತಾಸ್ತೊ' ಎಂದರೆ ವಾದ್ಯದ ಮೆಟ್ಟಿಲು. ಎರಡೂ ಸೇರಿ 'ಕಾಪೊತಾಸ್ತೊ' ಆಯಿತು. ಜೋವಾನ್ನಿ ಬತ್ತಿಸ್ತ ದೋನಿ ಎಂಬ ವಿದ್ವಾಂಸನ 1640ರ ಬರಹದಲ್ಲಿಯೇ ಈ ಪದವಿದೆ. ಅಲ್ಲಿ ಅದು ಕತ್ತಿನ ತುದಿಯಲ್ಲಿ ತಂತಿಗಳನ್ನು ಹೊತ್ತಿರುವ ಅಡ್ಡಪಟ್ಟಿಯ ಹೆಸರು. ಸ್ಪೇನಿನವರು ಇದನ್ನು 'ಸೆಹಿಯಾ' ಎನ್ನುತ್ತಾರೆ, ಎಂದರೆ ಕಿರುಹುಬ್ಬು. ತಂತಿಗಳ ಮೇಲೆ ಅಡ್ಡಲಾಗಿ ಕುಳಿತ ಆ ಪಟ್ಟಿಯನ್ನು ಕಂಡವರಿಗೆ ಈ ಹೆಸರಿನ ಔಚಿತ್ಯ ತಾನಾಗಿ ಹೊಳೆಯುತ್ತದೆ. ನನಗಂತೂ ತಲೆಗಿಂತ ಹುಬ್ಬೇ ಹೆಚ್ಚು ಇಷ್ಟ.

ಇದರ ಕೆಲಸ ಸರಳ. ಕತ್ತಿನ ಯಾವುದೋ ಒಂದು ಮೆಟ್ಟಿಲಿನ ಹಿಂದೆ ಆರೂ ತಂತಿಗಳನ್ನು ಒಟ್ಟಿಗೆ ಒತ್ತಿಹಿಡಿದು, ಮಿಡಿಯುವ ಉದ್ದವನ್ನು ಕಡಿಮೆ ಮಾಡುತ್ತದೆ. ಉದ್ದ ಕುಗ್ಗಿದಷ್ಟೂ ಶ್ರುತಿ ಏರುತ್ತದೆ. ಪ್ರತಿಯೊಂದು ಮೆಟ್ಟಿಲೂ ಅದಕ್ಕೆ ಮುಂಚಿನ ಉದ್ದದ ಸುಮಾರು ಹದಿನೆಂಟರಲ್ಲೊಂದು ಭಾಗವನ್ನು ಕಳೆದು ಅರ್ಧಸ್ವರವನ್ನು ಏರಿಸುತ್ತದೆ. 65 ಸೆಂಟಿಮೀಟರ್ ಉದ್ದದ ತಂತಿಯಲ್ಲಿ ಏಳನೆಯ ಮೆಟ್ಟಿಲಿಗೆ ಕಾಪೊ ಹಾಕಿದರೆ ಉಳಿಯುವುದು ಸುಮಾರು 43 ಸೆಂಟಿಮೀಟರ್. ಷಡ್ಜವಿದ್ದಲ್ಲಿ ಪಂಚಮ ನುಡಿಯುತ್ತದೆ. ಹನ್ನೆರಡನೆಯದರಲ್ಲಿ ಉದ್ದ ಅರ್ಧವಾಗಿ ತಾರಷಡ್ಜ. ವೀಣೆಯ ಇಪ್ಪತ್ತನಾಲ್ಕು ಮೆಟ್ಟಿಲುಗಳನ್ನು ಬಲ್ಲವರಿಗೆ ಇದು ಹೊಸದಲ್ಲ.

ಬಿರಡೆ ತಿರುಗಿಸಿ ಶ್ರುತಿ ಮಾಡಬಾರದೇ ಎಂಬ ಪ್ರಶ್ನೆ ಸಹಜ. ತಂಬೂರಿಯಲ್ಲಿ ನಾವು ಮಾಡುವುದು ಅದನ್ನೇ. ಗಿಟಾರಿನಲ್ಲಾದರೋ ಆರು ತಂತಿಗಳನ್ನೂ ಎರಡು ಮೂರು ಸ್ವರ ಎಳೆದರೆ ತಂತಿ ಹರಿಯಬಹುದು, ವಾದ್ಯದ ಕತ್ತಿಗೂ ಭಾರ. ಮೇಲಾಗಿ ಅದು 'ಕಾರ್ಡ್' ಎಂಬ ಸ್ವರಗುಚ್ಛಗಳ ವಾದ್ಯ. ಒತ್ತದೆ ಬಿಟ್ಟ ತಂತಿಗಳ ತುಂಬುನಾದ ಕೆಲವೇ ಬೆರಳ ವಿನ್ಯಾಸಗಳಲ್ಲಿ ಸಿಗುತ್ತದೆ. ಇತರ ಶ್ರುತಿಗಳಲ್ಲಿ ತೋರುಬೆರಳನ್ನೇ ಅಡ್ಡಲಾಗಿ ಚಾಚಿ ಆರೂ ತಂತಿಗಳನ್ನು ಅದುಮಬೇಕು. ಹನ್ನೆರಡು ವರ್ಷದ ಮಗುವಿನ ಬೆರಳಿಗೆ ಅದು ಶಿಕ್ಷೆಯೇ ಸರಿ. ಆ ಬೆರಳಿನ ಕೆಲಸವನ್ನು ಕಾಪೊ ವಹಿಸಿಕೊಳ್ಳುತ್ತದೆ.

ಇದು ಕುಂಟನ ಕೋಲು, ಕಲಿಯದವರ ಉಪಾಯ ಎಂದು ಮೂಗುಮುರಿಯುವವರಿದ್ದಾರೆ. ಆ ಮಾತನ್ನು ನಾನು ಒಪ್ಪಲಾರೆ. ಸ್ಪೇನಿನ ಆಂದಲೂಸಿಯ ಪ್ರಾಂತದ ಫ್ಲಮೆಂಕೊ ಪರಂಪರೆಯಲ್ಲಿ ಗಾಯಕನ ಕಂಠವೇ ಯಜಮಾನ. ವಾದಕನು ಗಾಯಕನಿಗೆ ಒಪ್ಪುವ ಎತ್ತರವನ್ನು ತಿಳಿದುಕೊಂಡು ಸೆಹಿಯಾವನ್ನು ಸರಿಸುತ್ತಾನೆ. ಮರದ ತುಂಡು, ಒಂದು ದಾರ, ಬಿಗಿಯಲು ಒಂದು ಬಿರಡೆ, ಇಷ್ಟೇ ಅದರ ಹಳೆಯ ರೂಪ. ಮಹಾ ವಾದಕರೂ ಅದನ್ನು ಬಳಸಿದ್ದಾರೆ. ಅವರನ್ನು ಕುಂಟರೆನ್ನುವ ಧೈರ್ಯ ಯಾರಿಗಿದೆ?

ಹಾಕುವ ಕ್ರಮದಲ್ಲಿ ಎಚ್ಚರ ಬೇಕು. ಮೆಟ್ಟಿಲಿಗೆ ಅಂಟಿದಂತೆ, ಆದರೆ ಅದರ ಮೇಲೇರದಂತೆ ಇರಿಸಬೇಕು. ಎರಡು ಮೆಟ್ಟಿಲುಗಳ ನಡುವೆ ಇಟ್ಟರೆ ತಂತಿ ಬಾಗಿ ಶ್ರುತಿ ಏರುತ್ತದೆ, ಸಡಿಲವಾದರೆ ಝರ್ರೆನ್ನುತ್ತದೆ. ಹಾಕಿದ ಬಳಿಕ ಶ್ರುತಿಯನ್ನು ಮತ್ತೊಮ್ಮೆ ನೋಡಲೇಬೇಕು. ನೈಲಾನ್ ತಂತಿಯ ಗಿಟಾರಿನ ಕತ್ತು ಸಾಮಾನ್ಯವಾಗಿ ಚಪ್ಪಟೆ, ಉಕ್ಕಿನ ತಂತಿಯದು ತುಸು ಉಬ್ಬು. ಒಂದರ ಕಾಪೊ ಇನ್ನೊಂದಕ್ಕೆ ಸರಿಹೊಂದದಿರಬಹುದು. ಗಿಟಾರು ದಾನ ಮಾಡುವ ಮಹನೀಯರು ಅದಕ್ಕೊಪ್ಪುವ ಕಾಪೊವನ್ನೂ ಜೊತೆಗೆ ಕೊಟ್ಟರೆ ದಾನ ಪೂರ್ಣವಾದೀತು.

ಇಷ್ಟೆಲ್ಲ ಹೇಳಿದ್ದು ಮಕ್ಕಳ ಸಲುವಾಗಿ. ಪ್ರಾರ್ಥನೆಯ ಶ್ರುತಿಯನ್ನು ಗುರುಗಳು ತಮ್ಮ ಕಂಠಕ್ಕೆ ಅನುಕೂಲವಾಗಿ ಹಿಡಿಯುವುದು ರೂಢಿ. ಹನ್ನೆರಡು-ಹದಿನಾಲ್ಕರ ಪ್ರಾಯದಲ್ಲಿ ಹುಡುಗರ ಧ್ವನಿ ಒಡೆದು ಸುಮಾರು ಒಂದು ಸ್ಥಾಯಿ ಕೆಳಗಿಳಿಯುತ್ತದೆ. ಆಗ ಎಟುಕದ ಶ್ರುತಿಯಲ್ಲಿ ಹಾಡಲಾರದ ಹುಡುಗ ತುಟಿಯನ್ನು ಮಾತ್ರ ಆಡಿಸುತ್ತಾನೆ. 'ಇವನಿಗೆ ಕಂಠವಿಲ್ಲ' ಎಂದು ಯಾರಾದರೂ ಅಂದುಬಿಟ್ಟರೆ ಅವನು ಮುಂದೆ ಹಾಡುವುದೇ ಇಲ್ಲ. ಬೇಕಾಗಿದ್ದುದು ಬೇರೆ ಶ್ರುತಿ, ಬೇರೆ ಹುಡುಗನಲ್ಲ.

ಗಿಟಾರಿನ ಸಿ ವಿನ್ಯಾಸವು ನಮ್ಮ ಒಂದು ಮನೆ ಶ್ರುತಿ. ಅದೇ ಬೆರಳುಗಳಿಗೆ ಎರಡನೆಯ ಮೆಟ್ಟಿಲಲ್ಲಿ ಎರಡು ಮನೆ, ನಾಲ್ಕರಲ್ಲಿ ಮೂರು, ಐದರಲ್ಲಿ ನಾಲ್ಕು, ಏಳರಲ್ಲಿ ಐದು ಮನೆ ದೊರೆಯುತ್ತದೆ. ಹೆಣ್ಣುಮಕ್ಕಳು ಐದು ಮನೆಯ ಆಸುಪಾಸಿನಲ್ಲಿ ಸುಖವಾಗಿ ಹಾಡುತ್ತಾರೆ. ಕಾಪೊ ಶ್ರುತಿಯನ್ನು ಏರಿಸಬಲ್ಲದೇ ಹೊರತು ಇಳಿಸಲಾರದು. ಆದಕಾರಣ ಒಂದು ಮನೆಯೂ ಎತ್ತರವೆನಿಸುವ ಹುಡುಗನಿಗೆ ವಿನ್ಯಾಸವನ್ನೇ ಬದಲಿಸಬೇಕು: ಸಿ ಬಿಟ್ಟು, ಅದಕ್ಕಿಂತ ಕೆಳಗಿನ ಜಿ ವಿನ್ಯಾಸವನ್ನು ಹಿಡಿದು ಮೂರನೆಯ ಮೆಟ್ಟಿಲಿಗೆ ಕಾಪೊ ಹಾಕಿದರೆ, ಒಂದು ಮನೆಗಿಂತ ಒಂದು ಪೂರ್ಣಸ್ವರ ತಗ್ಗಿದ ಆರೂವರೆ ಮನೆ ಶ್ರುತಿ ಸಿಗುತ್ತದೆ. ಅದೂ ಎತ್ತರವಾದರೆ ಎರಡನೆಯ ಮೆಟ್ಟಿಲಿಗೆ ಇಳಿಸಿ ಕೇಳಿ ನೋಡಬಹುದು.